ಹೊಂಡ ತೊಡಿಸಿದ ಅಂಗಿ

“ಗೆರಿ ಯಾಕದಾವ ಅಂತ ಕೇಳ್ತಿ? ಮೊದಲ ನನ್ನ ಕನ್ನಡಕದ ಮ್ಯಾಲಿಂದ ಕಾಲು ತಗಿ!”

ದರ್ಜಿ ವಿಠೋಬಾ ಗೊಣಗಿದ. ತಮ್ಮನ ಮಗಳು ಗೋದು, ಮಳಿಹೊಂಡದಾಗ ಸಿಕ್ಕ ಹೆಸರಕಾಳಿನಷ್ಟು ಚಿಪ್ಪನ್ನ ಹೊಲಿಗಿ ಮಶೀನಿನ ಮ್ಯಾಲಿಟ್ಟು ನಿಂತಿದ್ಲು. ಚಿಪ್ಪಿನ ತುಂಬ ಕೂದಲೆಳೆಯಂಥ ಗೆರಿ. ಒಂದೇ ಗಾಜು ಉಳಿದ ಕನ್ನಡಕ ಏರಿಸಿ ವಿಠೋಬಾ ಶುರು ಮಾಡಿದ.

ಭೂಮಿ ಇನ್ನೂ ಹಸಿಹಸಿ ಇದ್ದ ಕಾಲ. ಹೊಳಿಗೂ ಎತ್ತಾಗ ಹರೀಬೇಕಂತ ಗೊತ್ತಿರಲಿಲ್ಲ. ಒಂದಿನ ಗಾಳಿ ಓಡಿಬಂದು ಕೂಗಿತು: “ಮೊದಲನೇ ಬ್ಯಾಸಗಿ ಬರಾಕತ್ತೈತಿ! ನಿಮ್ಮ ನಿಮ್ಮ ಮನಿತನ ಕೂಡ್ಕೊಂಡು ದೊಡ್ಡ ನೀರಿಗೆ ನಡೀರಿ!”

ಹೊಂಡದಾಗ ಒಂದು ಚಿಪ್ಪಿನ ಹುಳ ಇತ್ತು. ತನ್ನ ಮನಿತನ ಯಾವುದಂತ ಅದಕ್ಕ ಗೊತ್ತಿಲ್ಲ. ಯಾರೂ ಸೇರಿಸ್ಕೊಳ್ಳದಿದ್ರ ಒಣಗಿ ಸಾಯಬೇಕು.

ಕಪ್ಪೆಚಿಪ್ಪಿನವರ ಹತ್ರ ಹೋತು. “ಎರಡು ಚಿಪ್ಪೇನೋ ಖರೆ. ಇಷ್ಟು ಕಾಲು ಯಾಕ? ನಮ್ಮ ವಂಶದಾಗ ಯಾರೂ ನಡದವರಲ್ಲ.”

ಏಡಿಗಳ ಹತ್ರ ಹೋತು. “ಕಾಲೇನೋ ನಮ್ಮವೇ. ಆದ್ರ ನಮ್ಮವರು ಬೆಳದಂಗ ಹಳೇ ಅಂಗಿ ಬಿಚ್ಚಿ ಒಗೀತಾರ. ಬಿಚ್ಚು, ನೋಡೂಣು.”

ಹುಳ ಬಿಚ್ಚಾಕ ಹೋಗಿ, ಅರ್ಧಕ್ಕ ಸಿಕ್ಕೊಂಡು, ಕಾಲು ಮ್ಯಾಲಾಗಿ ಬಿತ್ತು. ಏಡಿಗಳು ನಕ್ಕವು.

“ಒಗಿಯಾಕ ಮನಸಿಲ್ರಿ,” ಅಂತು ಹುಳ. “ಹುಟ್ಟಿದಾಗ ಬರಿಮೈಲೆ ನಡಗತಿದ್ದೆ. ಹೊಂಡ ತನ್ನ ಕೆಸರು ಹಿಂಡಿ ಈ ಅಂಗಿ ತೊಡಿಸ್ತು. ಸಣ್ಣಾದಾಗೆಲ್ಲ ಅಂಚಿಗೊಂದು ಪಟ್ಟಿ ಹಚ್ಕೋತೀನಿ.”

ಏಡಿ ಅಜ್ಜಿ ಕಣ್ಣೊರಸ್ಕೊಳ್ಳಾಕ ಹೋಗಿ ಕೊಂಡಿ ಚುಚ್ಕೊಂಡ್ಲು. “ಅಂಗಿ ನೋಡಿ ಕುಲ ಹೇಳಬ್ಯಾಡ್ರೋ, ಕಾಲು ನೋಡ್ರಿ. ಇದು ನಮ್ಮ ಕೂಸು, ಚಿಪ್ಪುಸೀಗಡಿ. ಬಾ, ಹೋಗೂಣು.”

“ಹೆಸರು ಸಿಕ್ತು, ಸಾಕಬೇ. ನಾ ಬಂದ್ರ ಹೊಂಡ ಒಂಟಿ ಆಗ್ತೈತಿ.”

ಆಗ ಹೊಂಡ ಮೆಲ್ಲಕ ಅಂತು: “ಹುಚ್ಚಿ, ಹಂಗಾದ್ರ ನಿನ್ನ ತತ್ತಿ ನನ್ನ ಮಣ್ಣಾಗಿಡು. ಮಳಿ ಬರೂತನ ನಾ ಕಾಯ್ತೀನಿ.”

ಬ್ಯಾಸಗಿ ಬಂತು, ಹೊಂಡ ಒಣಗಿತು, ತತ್ತಿ ಇಟ್ಟು ಹುಳನೂ ಸತ್ತುಹೋತು. ಮಳಿ ಬಂತು, ತತ್ತಿ ಒಡೆದು ಮರಿ ಈಜಿದ್ವು. ಅಂಥಾ ಕೆಲವು ಹೊಂಡ ಮಳಿ ಕಾಯ್ಕೋತ ಕಾಯ್ಕೋತ ಕಲ್ಲಾದ್ವು. ತಾವು ತೊಡಿಸಿದ ಅಂಗಿ ಮಾತ್ರ ಕೈಬಿಡಲಿಲ್ಲ.

ಅದಕ್ಕ ಗೋದು, ಇವತ್ತೂ ಮಳಿಹೊಂಡದ ಚಿಪ್ಪಿನ ಮ್ಯಾಲೂ, ಹಳೇ ಕಲ್ಲಿನಾಗಿನ ಅಚ್ಚಿನ ಮ್ಯಾಲೂ ಆ ಪಟ್ಟಿಗಳ ಗೆರಿ ಕಾಣ್ತಾವ.

ಗೋದು ಚಿಪ್ಪನ್ನ ಹೊಂಡಕ್ಕ ತಿರುಗಿ ಬಿಡಾಕ ಓಡಿದ್ಲು. ವಿಠೋಬಾ ಊಟಕ್ಕ ಕುಂತಾಗ ಹೆಂಡ್ತಿ ಸಕ್ಕೂಬಾಯಿ, ಗಂಡನ ಹೊಟ್ಟಿ ಮ್ಯಾಲ ಬಿಗಿದ ಅಂಗಿ ನೋಡಿದ್ಲು.

“ನಿಮಗ ಕೈಯಾಗ ಕೆಲಸ ಇಲ್ಲದಾಗ ನಮ್ಮಪ್ಪ ಹೊಲಿದುಕೊಟ್ಟ ಅಂಗಿ. ಬಗಲಾಗ ಆಗಲೇ ನಾಕು ಪಟ್ಟಿ ಆದ್ವು. ಬಿಚ್ಚಿಕೊಡ್ರಿ, ಐದನೇದು ನಾ ಹಚ್ಚತೀನಿ. ನೀವು ಹಚ್ಚಿದ್ದು ಸೊಟ್ಟ ಆಗ್ತೈತಿ.”