ಮೂಕ ತೂಬು

ನಾಗತಿಕೆರೆಗೆ ಬರುವವರು ಮೊದಲು ಕೋಟೆ ಹತ್ತುತ್ತಾರೆ, ಆಮೇಲೆ ಹಳೆಯ ಅರಮನೆಯ ವಸ್ತುಸಂಗ್ರಹಾಲಯ ನೋಡುತ್ತಾರೆ, ಕೊನೆಗೆ ಕೆರೆಯ ಏರಿಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಾರೆ. ಕೆರೆಯ ನೀರನ್ನು ಕೋಟೆಯ ಕಂದಕಕ್ಕೆ ಹಾಯಿಸುತ್ತಿದ್ದ ಕಲ್ಲಿನ ತೂಬು ಅಲ್ಲೇ ಏರಿಯ ಕೆಳಗಿದೆ. ಅದಕ್ಕೆ ಮೂಕ ತೂಬು ಎಂದು ಹೆಸರು. ಕಲ್ಲಿಗೆಂಥ ಮೂಕತನ ಎಂದು ನಗುವವರಿದ್ದಾರೆ. ಕಥೆ ಕೇಳಿದ ಮೇಲೆ ನಕ್ಕವರನ್ನು ನಾನು ಕಂಡಿಲ್ಲ.

ಹಿಂದೆ ಒಮ್ಮೆ ಬಿಚ್ಚಪ್ಪನಾಯಕನೆಂಬ ಪಾಳೆಯಗಾರ ಈ ಕೋಟೆಯನ್ನು ಆಳುತ್ತಿದ್ದನಂತೆ. ಬೇಸಿಗೆಯಲ್ಲಿ ಕಂದಕ ಒಣಗಿರುತ್ತಿತ್ತು. ಕೋಟೆಯ ಹೊರಗಿನ ಕೇರಿಯ ಹೆಂಗಸರು ಅಲ್ಲಿ ಚಾಪೆಗೆಂದು ಜೊಂಡು ಕೊಯ್ಯುತ್ತಿದ್ದರು, ಮಕ್ಕಳು ಆಡುತ್ತಿದ್ದವು. ಆದ್ದರಿಂದ ತೂಬು ಎತ್ತುವ ಮೊದಲು ನೀರಗಂಟಿ ಮೂರು ಸಲ ತಮಟೆ ಬಡಿಯಬೇಕು, ಪ್ರತಿ ಸಲವೂ ಕಾದು ನೋಡಬೇಕು ಎಂಬುದು ಕಟ್ಟಳೆ. ಆಗಿನ ನೀರಗಂಟಿ ಬೊಮ್ಮಲಿಂಗ. ಅವನ ಹೆಂಡತಿ ಸಿರಿಯವ್ವ ಮತ್ತು ಎರಡು ವರ್ಷದ ಮಗಳು ಇದ್ದದ್ದೂ ಆ ಕೇರಿಯಲ್ಲೇ. ಒಂದು ಮಧ್ಯಾಹ್ನ ಶತ್ರುಗಳ ದಂಡು ದಿಢೀರನೆ ದಿಬ್ಬದಾಚೆ ಕಾಣಿಸಿತು. ನಾಯಕ ತಾನೇ ಏರಿಗೆ ಓಡಿಬಂದು ತೂಬು ಎತ್ತೆಂದ. ಬೊಮ್ಮಲಿಂಗ ತಮಟೆಗೆ ಕೈ ಹಾಕಿದರೆ ಅದನ್ನು ಕಿತ್ತುಕೊಂಡ.

“ಬುದ್ದೀ, ಬಡೀದೆ ನಮ್ಮಪ್ಪನೂ ಎತ್ತಿಲ್ಲ. ಕಂದಕದಾಗೆ ಯಾರಾನ ಇದ್ರೆ?”

“ಕೇರಿಯೋರೆಲ್ಲ ಆಗ್ಲೇ ಕೋಟೆ ಒಳಗವ್ರೆ. ಸದ್ದು ಕೇಳಿದ್ರೆ ದಂಡು ನೀರಿಗಿಂತ ಮುಂಚೆ ನುಗ್ತದೆ. ಎತ್ತಲಾ!”

ಬಾಗಿಲ ಕಾವಲಿನವನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ದೊರೆಗಳಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು! ದಂಡನ್ನು ಕಂಡ ಕೂಡಲೇ ಕಾವಲಿನವನು ಬಾಗಿಲು ಹಾಕಿಬಿಟ್ಟಿದ್ದ. ಕೇರಿಯವರು ಬಾಗಿಲು ಬಡಿದು ಬಡಿದು ಸೋತು, ಕಂದಕಕ್ಕೆ ಇಳಿದು, ಜೊಂಡಿನ ಮರೆಯಲ್ಲಿ ಅಳುವ ಮಕ್ಕಳ ಬಾಯಿ ಮುಚ್ಚಿಕೊಂಡು ಅವಿತಿದ್ದರು. ತಮಟೆ ಬಡಿಯುವ ತನಕ ನೀರು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಬೊಮ್ಮಲಿಂಗ ತೂಬು ಎತ್ತಿದ. ಕಂದಕ ತುಂಬಿತು, ದಂಡು ಹಿಂದೆ ಸರಿಯಿತು, ಕೋಟೆಯಲ್ಲಿ ಕಹಳೆ ಊದಿದರು. ಮೂರನೆಯ ದಿನ ಹೆಣಗಳು ತೇಲಿದವು; ಎಪ್ಪತ್ತಕ್ಕೂ ಹೆಚ್ಚು ಎನ್ನುತ್ತಾರೆ. ಸಿರಿಯವ್ವನ ಕೈ ಮಗಳ ಬಾಯಿಯ ಮೇಲೇ ಇತ್ತಂತೆ. ಬೊಮ್ಮಲಿಂಗ ಇಬ್ಬರನ್ನೂ ಮಣ್ಣು ಮಾಡಿ, ತೂಬಿನ ಬಾಯಿಗೆ ಕಲ್ಲು ಜಡಿದು, ಊರು ಬಿಟ್ಟು ಹೋದ. ಸದ್ದಿಲ್ಲದೆ ನೀರು ಬಿಟ್ಟ ತೂಬಿಗೆ ಜನ ಆ ಹೆಸರಿಟ್ಟರು.

ಇಂದು ಸಂಗ್ರಹಾಲಯದಲ್ಲಿ ನಾಯಕನ ಕತ್ತಿಯ ಮುಂದೆ ನಿಂತು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಪಕ್ಕದ ಪೆಟ್ಟಿಗೆಯಲ್ಲಿ ಕಂದಕದ ಹೂಳೆತ್ತುವಾಗ ಸಿಕ್ಕ ಬಳೆಗಳಿವೆ. ಕೆಲವು ಎಷ್ಟು ಚಿಕ್ಕವೆಂದರೆ ನನ್ನ ಮೂರು ಬೆರಳೂ ತೂರಲಾರವು. ಚೀಟಿಯಲ್ಲಿ ‘ಹೆಂಗಸರ ಅಲಂಕಾರ ಸಾಮಗ್ರಿ’ ಎಂದು ಬರೆದಿದೆ.