ಬಿಟ್ಟುಹೋದ ಅರ್ಥ

ಮನೆ ಬಿಟ್ಟು ಮಠ ಸೇರಿದ್ದ ಶಿಷ್ಯನೊಬ್ಬ ಇಂಗ್ಲಿಷ್ ಕಲಿಯುತ್ತಿದ್ದ. ಒಂದು ದಿನ ಗುರುಗಳನ್ನು ಕೇಳಿದ: “ಗುರುಗಳೇ, ‘ಕಮ್’ ಎಂಬ ಪದ ಇಷ್ಟೇ ಇಷ್ಟಿದೆ. ನಿಘಂಟಿನಲ್ಲಿ ಅದರ ಅರ್ಥ ಪುಟಗಟ್ಟಲೆ ಇದೆ. ಎಲ್ಲವನ್ನೂ ಬಾಯಿಪಾಠ ಮಾಡಿದೆ. ಆದರೂ ಯಾವುದೋ ಒಂದು ಬಿಟ್ಟುಹೋಗಿದೆ ಅನ್ನಿಸುತ್ತದೆ. ಅದು ಯಾವುದು?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಹೊಲಿಗೆ ಯಂತ್ರದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎದುರು ಮನೆಯ ಅಧಿಕಾರಿಗೆ ದೂರದ ಊರಿಗೆ ವರ್ಗವಾಯಿತು. ಆತ ಹೊರಡುವಾಗ ತನ್ನ ನಾಯಿಯನ್ನು ದರ್ಜಿಗೆ ಒಪ್ಪಿಸಿ, “ಇದಕ್ಕೆ ಕನ್ನಡ ಬರಲ್ಲ. ‘ಕಮ್’ ಅನ್ನಿ, ಬರುತ್ತೆ” ಎಂದ. ನಾಯಿಗೆ ಇಂಗ್ಲಿಷಿನಲ್ಲೇ ಹೇಳಬೇಕೆಂದು ನಮ್ಮವರಿಗೆ ಯಾವ ಪುಣ್ಯಾತ್ಮ ಕಲಿಸಿದನೋ ಕಾಣೆ.

ಮನೆಗೆ ಒಂದು ಜೀವ ಬಂತಲ್ಲ ಎಂದು ದರ್ಜಿಗೆ ಆಸೆ ಹುಟ್ಟಿತು. ಹಾಲು ಅನ್ನ ಕಲಸಿಟ್ಟು, “ಕಮ್” ಎಂದ. ನಾಯಿ ಕಿವಿ ನಿಮಿರಿಸಿ ಎದ್ದಿತು. ಅವನನ್ನು ದಾಟಿಕೊಂಡು ಬಾಗಿಲಿಗೆ ಹೋಗಿ ಬೀದಿಯನ್ನೇ ನೋಡುತ್ತ ನಿಂತಿತು. ಅನ್ನ ಹಾಗೇ ಉಳಿಯಿತು. ಮರುದಿನವೂ ಅದೇ ಪಾಡು. ನಾಯಿ ಸೊರಗತೊಡಗಿತು.

ದರ್ಜಿ ಊರಿನ ಮೇಷ್ಟರ ಬಳಿಗೆ ಓಡಿದ. “ಮೇಷ್ಟ್ರೇ, ನಾನು ಹೇಳೋದ್ರಲ್ಲಿ ಏನಾದ್ರೂ ತಪ್ಪಿದೆಯಾ?”

“ತಪ್ಪೇನಿಲ್ಲ ಕಣಯ್ಯ. ಭಾರೀ ಪದ ಅದು. ಹತ್ತಿರ ಬಾ ಅನ್ನೋಕೂ ಅದೇ, ಮೂರ್ಛೆ ಹೋದವನಿಗೆ ಎಚ್ಚರ ಆದ್ರೂ ಅದೇ, ಕಂಡ ಕನಸು ನಿಜ ಆದ್ರೂ ಅದೇ.”

“ಅಷ್ಟೆಲ್ಲ ಬೇಡ ಮೇಷ್ಟ್ರೇ, ಅದು ಒಂದು ಸಾರಿ ಹತ್ತಿರ ಬಂದ್ರೆ ಸಾಕು.”

ಸಂಜೆ ಮತ್ತೆ ಕರೆದ. ನಾಯಿ ಮತ್ತೆ ಬಾಗಿಲಿಗೇ ಹೋಯಿತು. ದರ್ಜಿಗೆ ಸಿಟ್ಟು ಬಂತು, ಹಿಂದೆಯೇ ತನ್ನ ಪಾಡೂ ನೆನಪಾಯಿತು. ನೆರೆಯವರು ಅವನನ್ನು ಹಬ್ಬಕ್ಕೆ ಬನ್ನಿ, ಊಟಕ್ಕೆ ಬನ್ನಿ ಎಂದು ಕರೆಯುತ್ತಲೇ ಇದ್ದರು. ಅವನು ಒಬ್ಬರ ಮನೆಗೂ ಹೋಗಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯಿಂದ “ಬನ್ನಿ” ಎನ್ನುತ್ತಿದ್ದ ಒಂದು ದನಿಗಾಗಿ ಅವನ ಕಿವಿ ಇನ್ನೂ ಕಾಯುತ್ತಿತ್ತು.

ಅವನು ತಟ್ಟೆಯನ್ನು ಎತ್ತಿಕೊಂಡು ಹೋಗಿ ನಾಯಿಯ ಪಕ್ಕದಲ್ಲಿ ಕುಳಿತ. ಕರೆಯಲಿಲ್ಲ. ತಾನೂ ಬೀದಿಯನ್ನು ನೋಡಿದ. ಎಷ್ಟೋ ಹೊತ್ತಿನ ಮೇಲೆ ನಾಯಿ ತಟ್ಟೆಗೆ ಬಾಯಿ ಹಾಕಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ನನಗೆ ಬಿಟ್ಟುಹೋದ ಅರ್ಥವನ್ನು ತಾವು ಹೇಳಲೇ ಇಲ್ಲ” ಎಂದ.

“ಮನೆ ಬಿಟ್ಟು ಬಂದೆಯಲ್ಲ, ಅಲ್ಲಿ ನಿನ್ನನ್ನು ‘ಬಾ’ ಎಂದು ಕರೆಯುತ್ತಿದ್ದವರು ಯಾರಪ್ಪ?”