ಕರಡಿ ಪಂಡಿತರ ಗುಟ್ಟಿನ ರಿಯಾಯಿತಿ

ಹೊಂಗೆಹಳ್ಳದ ಕಾಡು ಅಂತ ಒಂದು ಕಾಡಿತ್ತು, ಮಕ್ಕಳೇ. ಕಾಡಿಗೆಲ್ಲ ಒಬ್ಬರೇ ವೈದ್ಯರು, ಕರಡಿ ಪಂಡಿತರು. ಹಳ್ಳದ ದಂಡೆಯ ಗವಿಯಲ್ಲಿ ಅವರ ವಾಸ. ಮುಳ್ಳು ಕೀಳುವುದರಲ್ಲಿ, ಕೀವು ಒಣಗಿಸುವುದರಲ್ಲಿ ಅವರ ಕೈಗುಣ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಆದರೆ ಗವಿಯ ಬಾಗಿಲಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಮೊದಲು ಅದರ ಮೇಲೆ ಜೇನುಹುಟ್ಟು ಇಡಬೇಕು, ಆಮೇಲೆ ಕಾಲು ತೋರಿಸಬೇಕು. ಕಲ್ಲು ಖಾಲಿ ಇದ್ದರೆ ಪಂಡಿತರಿಗೆ ನಿದ್ದೆ ಬಂದುಬಿಡುತ್ತಿತ್ತು.

ಇನ್ನೊಂದು ವಿಷಯ ಕೇಳಿ. ಔಷಧಿಯ ಬೇರನ್ನು ಅಗೆದು ತರುವುದು ಕಾಡುಹಂದಿ, ಸೊಪ್ಪು ತರುವುದು ಜಿಂಕೆ, ತೊಗಟೆ ತರುವುದು ಅಳಿಲು. ಮುತ್ತಜ್ಜನ ಕಾಲದಿಂದ ನಡೆದು ಬಂದ ಪದ್ಧತಿ ಅದು. ಅದಕ್ಕೆ ಪಂಡಿತರು ಏನೂ ಕೊಡುತ್ತಿರಲಿಲ್ಲ. ಇವರೂ ಕೇಳುತ್ತಿರಲಿಲ್ಲ.

ಒಂದು ದಿನ ಮೊಲದ ಮಗಳು ಚುಕ್ಕಿಯ ಹಿಂಗಾಲಿಗೆ ಜಾಲಿಮುಳ್ಳು ಚುಚ್ಚಿ ಒಳಗೇ ಮುರಿದುಕೊಂಡಿತು. ಪಕ್ಕದ ಪೊದೆಯ ಆಮೆ ಸಿದ್ದಕ್ಕನಿಗೆ ನರಳಾಟ ಕೇಳಿಸಿತು.

"ಏನಮ್ಮಾ, ಮಗೂನ ಪಂಡಿತರಿಗೆ ತೋರಿಸಲಿಲ್ವಾ?"

"ಹೋಗಿದ್ದೆ ಸಿದ್ದಕ್ಕಾ. ಎರಡು ಹುಟ್ಟು ಜೇನು ತಾ ಅಂದರು. ನಾನೇನು ಮರ ಹತ್ತೋಳಾ? ಎಲ್ಲಿಂದ ತರಲಿ?" ಮೊಲಕ್ಕೆ ಅಳು ಬಂತು. ಆಮೇಲೆ ದನಿ ತಗ್ಗಿಸಿ, "ಪಾಪ, ಅವರದ್ದೇನೂ ತಪ್ಪಿಲ್ಲ. ಎಲ್ಲರಿಗೂ ಮೂರಂತೆ. ನನಗಂತ ಎರಡು ಮಾಡಿದಾರೆ. ಯಾರಿಗೂ ಹೇಳಬೇಡ ಅಂದಿದಾರೆ, ನೀನೂ ಹೇಳಬೇಡ" ಎಂದಿತು.

ಸಿದ್ದಕ್ಕ ಮಗುವಿನ ಕಾಲು ನೋಡಿತು. ಅದು ಆಗಲೇ ಊದಿಕೊಂಡು ಕೆಂಪಾಗಿತ್ತು. "ಎಲ್ಲರೂ ಸೇರಿ ಪಂಡಿತರನ್ನ ಒಂದು ಮಾತು ಕೇಳೋಣ, ಇರು" ಎಂದು ಸಿದ್ದಕ್ಕ ಹೊರಟಿತು. ಆಮೆಯ ನಡಿಗೆ ನಿಮಗೆ ಗೊತ್ತೇ ಇದೆ. ದಿನಕ್ಕೆ ಒಂದು ಮನೆ.

ಮೊದಲ ದಿನ ಕಾಡುಹಂದಿಯ ಮನೆ.

"ಹಂದಿಯಣ್ಣಾ, ಮೊದಲು ರೋಗಿಯನ್ನ ನೋಡಿ, ಆಮೇಲೆ ಕೈಲಾದಷ್ಟು ತಗೊಳ್ಳಿ ಅಂತ ಕೇಳೋಣ. ಬರ್ತೀಯಾ?"

"ನಾನ್ಯಾಕೆ ಬರಲಿ? ನಮಗೂ ಪಂಡಿತರಿಗೂ ಬಳಕೆಯೇ ಬೇರೆ" ಎಂದು ಹಂದಿ ಮೂತಿ ಎತ್ತಿತು. ಆಮೇಲೆ ಹತ್ತಿರ ಬಂದು, "ಎಲ್ಲರ ಹತ್ರ ಮೂರು ತಗೋತಾರೆ, ನನ್ನ ಹತ್ರ ಎರಡೇ! ಯಾರಿಗೂ ಹೇಳಬೇಡ" ಎಂದಿತು.

ಸಿದ್ದಕ್ಕನಿಗೆ ಒಂಥರಾ ಅನಿಸಿತು.

ಎರಡನೆಯ ದಿನ ಜಿಂಕೆಯ ಮನೆ. ಜಿಂಕೆ ಕಿವಿ ನಿಮಿರಿಸಿ, "ಛೆ ಛೆ, ಪಂಡಿತರ ಎದುರು ನಿಂತು ಕೇಳೋದಾ? ನನಗಂತ ಒಂದು ಹುಟ್ಟು ಬಿಟ್ಟುಕೊಟ್ಟವರು ಅವರು" ಎಂದಿತು. ಸಿದ್ದಕ್ಕನಿಗೆ ಈಗ ನಗು ಬಂತು. ಮೂರನೆಯ ದಿನ ಅಳಿಲಿನ ಪೊಟರೆಯ ಕೆಳಗೆ ನಿಂತಾಗ, ಅಳಿಲು ಬಾಯಿ ತೆರೆಯುವ ಮೊದಲೇ, "ನಿನಗಂತ ಎರಡು ಮಾಡಿದಾರಾ?" ಎಂದು ಕೇಳಿತು.

"ಅಯ್ಯೋ, ನಿನಗೆ ಹೇಗೆ ಗೊತ್ತಾಯ್ತು?" ಅಳಿಲಿನ ಬಾಲ ನೆಟ್ಟಗಾಯಿತು.

"ಅದಿರಲಿ. ಮೂರು ಹುಟ್ಟು ಕೊಡೋ ಪೆದ್ದ ಯಾರು ಅಂತ ನೋಡಬೇಕಾ? ನಾಳೆ ಬೆಳಿಗ್ಗೆ ಪಂಡಿತರ ಕಲ್ಲಿನ ಹತ್ರ ಬಾ. ನೀನು ಓಡೋಳು, ಹಂದಿಗೂ ಜಿಂಕೆಗೂ ಇದನ್ನೇ ಹೇಳಿಬಿಡು. ಮೊಲಕ್ಕೆ ಮಗೂನ ಕರ್ಕೊಂಡು ಬಾ ಅನ್ನು."

ನೋಡಿ ತಮಾಷೆ! ಮಗುವಿನ ಕಾಲಿಗಾಗಿ ಕರೆದಾಗ ಯಾರಿಗೂ ಪುರಸೊತ್ತಿರಲಿಲ್ಲ. ಪೆದ್ದನನ್ನು ನೋಡಲು ಎಲ್ಲರೂ ಬಂದರು, ಸಾಲದ್ದಕ್ಕೆ ಹಂದಿ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಂತು. ಮೊಲ ಚುಕ್ಕಿಯನ್ನು ಹೊತ್ತು ತಂದು ಕಲ್ಲಿನ ಪಕ್ಕ ಮಲಗಿಸಿತು. ಪಂಡಿತರು ಹೊರಗೆ ಬಂದು, "ಏನಿದು ಸಂತೆ?" ಎಂದರು.

ಸಿದ್ದಕ್ಕ ಗಂಟಲು ಸರಿಮಾಡಿಕೊಂಡಿತು. "ಮೂರು ಹುಟ್ಟು ಕೊಡೋರು ಕಾಲೆತ್ತಿ."

ಎಲ್ಲರೂ ಅತ್ತಿತ್ತ ನೋಡಿದರು. ಒಂದು ಕಾಲೂ ಮೇಲೇಳಲಿಲ್ಲ.

"ಎರಡು ಕೊಡೋರು?"

ಹಂದಿ ಎತ್ತಿತು. ಜಿಂಕೆ ಎತ್ತಿತು. ಅಳಿಲೂ ಎತ್ತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನನಗೆ ಮಾತ್ರ ಅಂದಿದ್ದರಲ್ಲಾ?" ಎಂದು ಹಂದಿ ಕೂಗಿತು. "ನನಗೂ ಹಾಗೇ ಅಂದಿದ್ದರು!" ಎಂದಿತು ಜಿಂಕೆ.

ಪಂಡಿತರು ಮೈ ತುರಿಸಿಕೊಂಡರು. "ಅಲ್ಲ... ನನಗೂ ಹೊಟ್ಟೆ ಇಲ್ವೇ?"

"ಇದೆ ಪಂಡಿತರೇ, ಅದಕ್ಕೆ ಯಾರೂ ಕಲ್ಲು ಹಾಕೋಲ್ಲ" ಎಂದಿತು ಸಿದ್ದಕ್ಕ. "ಆದರೆ ಬೇರು ಇವನದು, ಸೊಪ್ಪು ಇವಳದು, ತೊಗಟೆ ಅವಳದು. ಅರೆಯೋ ಕೈ ಮಾತ್ರ ನಿಮ್ಮದು. ಮೊದಲು ಕಾಲು ನೋಡಿ. ಆಮೇಲೆ ಅವರವರ ಕೈಲಾದಷ್ಟು ಇಡ್ತಾರೆ."

"ಆಗೋಲ್ಲ ಅಂದರೆ ನಾಳೆಯಿಂದ ನಾನು ಬೇರು ಅಗೆಯೋಲ್ಲ" ಎಂದಿತು ಹಂದಿ. ಜಿಂಕೆ, ಅಳಿಲು ಹಂದಿಯ ಪಕ್ಕ ಬಂದು ನಿಂತವು.

ಬೇರಿಲ್ಲದೆ, ಸೊಪ್ಪಿಲ್ಲದೆ ತಾವು ಬರೀ ಕರಡಿ ಎಂಬುದು ಪಂಡಿತರಿಗೆ ಹೊಳೆಯಿತು. ಅವರು ಬಗ್ಗಿ, ಮೊದಲ ಬಾರಿಗೆ ಖಾಲಿ ಕಲ್ಲಿನ ಮುಂದೆ ಒಂದು ಕಾಲನ್ನು ಕೈಗೆತ್ತಿಕೊಂಡರು. ಮುಳ್ಳು ಕಿತ್ತರು, ಕೀವು ತೆಗೆದರು, ಸೊಪ್ಪು ಅರೆದು ಕಟ್ಟಿದರು. ಮೊಲ ಒಂದು ಹಿಡಿ ಗರಿಕೆ ತಂದು ಕಲ್ಲಿನ ಮೇಲೆ ಇಟ್ಟಿತು. ಅಂದಿನಿಂದ ಅದೇ ಪದ್ಧತಿಯಾಯಿತು.

ಚುಕ್ಕಿಯ ಜೀವ ಉಳಿಯಿತು. ಆದರೆ ಮುಳ್ಳು ನಾಲ್ಕು ದಿನ ಒಳಗಿತ್ತಲ್ಲ, ಕಾಲಿನಲ್ಲಿ ಒಂದು ಸಣ್ಣ ಕುಂಟು ಉಳಿದುಬಿಟ್ಟಿತು. ಒಂದು ಸಂಜೆ ಚುಕ್ಕಿ ಕುಂಟುತ್ತಾ ಹಳ್ಳಕ್ಕೆ ಹೋಗುವುದನ್ನು ಹಂದಿ ನೋಡಿತು.

"ಸಿದ್ದಕ್ಕಾ, ಮೊದಲ ದಿನ ನೀನು ನನ್ನ ಮನೆಗೆ ಬಂದಾಗಲೇ ನಾನು ಎದ್ದು ಬಂದಿದ್ದರೆ ಈ ಕುಂಟು ಇರುತ್ತಿರಲಿಲ್ಲ, ಅಲ್ವಾ?"

"ಹೂಂ" ಎಂದಿತು ಸಿದ್ದಕ್ಕ. ಹಂದಿ ಎದ್ದು ಚುಕ್ಕಿಯ ಜೊತೆ ಹಳ್ಳಕ್ಕೆ ನಡೆಯಿತು.

ನೀತಿ: 'ನಿನಗೆ ಮಾತ್ರ' ಎಂಬ ಮಾತಿಗೆ ಹಿಗ್ಗಿ ಸುಮ್ಮನಿದ್ದರೆ ನೆರೆಯವರ ನೋವು ಬೆಳೆಯುತ್ತದೆ; ಎಲ್ಲರೂ ಸೇರಿ, ತಡಮಾಡದೆ ಕೇಳಿದರೆ ಎಲ್ಲರಿಗೂ ಸಿಗುತ್ತದೆ.